ಬಳ್ಳಾರಿಗೆ ಮನೆ ಸಾಗಿಸುತ್ತಿದ್ದೇವೆ. ಏರಿಯಾ, ನೀರು, ಶಾಲೆ, ರೊಟ್ಟಿ, ಏನು ಗೊತ್ತಿದ್ದರೂ ಹೇಳಿ

ಹಾಸನದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಬಳ್ಳಾರಿಗೆ ವರ್ಗ ಆಗಿದೆ. ಶಾಲೆ ಶುರುವಾಗುವುದರೊಳಗೆ ಬರಬೇಕು. ನಾವು ಐದು ಜನ. ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ಳುತ್ತಾರೆ, ಮಂಡಿ ನೋವು ಬೇರೆ. ಮಗಳು ಒಂದನೇ ಕ್ಲಾಸಿಗೆ ಸೇರಬೇಕು. ಮಗನಿಗೆ ಇನ್ನೂ ನಾಲ್ಕು ತುಂಬಿಲ್ಲ, ಕಣ್ಣು ಮುಚ್ಚಿ ಬಿಡುವುದರೊಳಗೆ ಎಲ್ಲೋ ಓಡಿರುತ್ತಾನೆ.

ಆಫೀಸು ಗಡಿಗಿ ಚೆನ್ನಪ್ಪ ಸರ್ಕಲ್ ಹತ್ತಿರ. ಬ್ರೋಕರ್ ಮೂರು ಮನೆ ಹೇಳಿದ್ದಾರೆ. ಗಾಂಧಿನಗರದಲ್ಲಿ ಎರಡನೇ ಮಹಡಿ. ಪಾರ್ವತಿನಗರದಲ್ಲಿ ಕೆಳಗಿನ ಮನೆ, ಆದರೆ ಹಳೆಯದು. ಇನ್ನೊಂದು ಮೋಕಾ ರಸ್ತೆ ಕಡೆ ಹೊಸ ಬಡಾವಣೆಯಲ್ಲಿ, ಬಾಡಿಗೆ ಕಡಿಮೆ, ಫೋಟೋದಲ್ಲಿ ನೋಡಿದರೆ ಅಡುಗೆಮನೆ ಎಷ್ಟು ಚೆನ್ನಾಗಿದೆ ಅಂದರೆ ನನಗೆ ಅದೇ ಬೇಕು ಅನಿಸಿಬಿಟ್ಟಿದೆ. ಯಾವುದು ಒಳ್ಳೆಯದು? ಬಿಸಿಲು ತಡೆಯೋಕೆ ಆಗುತ್ತದಾ? ಅಲ್ಲಿ ನಮಗೆ ಯಾರೂ ಪರಿಚಯ ಇಲ್ಲ.

ಗಾಂಧಿನಗರ ಅಕ್ಕ
ಬಾ ತಂಗಿ, ಒಳ್ಳೆ ಊರು. ಆದರೆ ಅಡುಗೆಮನೆ ಫೋಟೋ ಪಕ್ಕಕ್ಕಿಡು. ಬಳ್ಳಾರಿಯಲ್ಲಿ ಮನೆ ನೋಡುವುದು ಅಂದರೆ ಮೊದಲು ಸಂಪು ನೋಡುವುದು. ನಲ್ಲಿ ನೀರು ದಿನಾ ಬರುವುದಿಲ್ಲ. ಒಂದೊಂದು ವಾರ್ಡಿಗೆ ಒಂದೊಂದು ಲೆಕ್ಕ, ಬೇಸಿಗೆಯಲ್ಲಿ ಇನ್ನೂ ತಡ. ಬ್ರೋಕರ್ ಹತ್ತಿರ ಕೇಳಿದರೆ "ನೀರಿಗೇನೂ ತೊಂದರೆ ಇಲ್ಲ ಮೇಡಂ" ಅಂತಲೇ ಹೇಳುತ್ತಾರೆ. ಅವರನ್ನು ಕೇಳಬೇಡ. ಪಕ್ಕದ ಮನೆ ಕಟ್ಟೆಯ ಮೇಲೆ ಕೂತಿರುವ ಅಜ್ಜಿಯನ್ನು ಕೇಳು. ಕೊನೇ ಸಲ ನೀರು ಯಾವತ್ತು ಬಂತು, ಎಷ್ಟು ಹೊತ್ತು ಬಂತು, ರಾತ್ರಿಯೋ ಹಗಲೋ, ಎಲ್ಲಾ ಅವರಿಗೆ ಬಾಯಲ್ಲೇ ಇರುತ್ತದೆ.

ಸಿವಿಲ್ ಕೆಲಸದವ
ಅಕ್ಕ ಹೇಳಿದ್ದು ನೂರಕ್ಕೆ ನೂರು. ಅಳತೆ ಹೇಳುತ್ತೇನೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ನಗರದ ಲೆಕ್ಕ. ಐದು ಜನಕ್ಕೆ 675 ಲೀಟರ್. ಹತ್ತು ದಿನ ನೀರು ಬರಲಿಲ್ಲ ಅಂದುಕೊಳ್ಳಿ, 6,750 ಲೀಟರ್ ಬೇಕು. ಸಂಪಿನ ಉದ್ದ, ಅಗಲ, ಆಳ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಆಳ ಇದ್ದರೆ 6,700 ಲೀಟರ್ ಮೇಲೆ ಸ್ವಲ್ಪ. ಅಂದರೆ ನಿಮ್ಮ ಮನೆಗೆ ಸರಿಯಾಗಿ ಸಾಕಾಗುವಷ್ಟು.

ಆದರೆ ಅದು ನಿಮ್ಮೊಬ್ಬರದೇ ಸಂಪಾ, ಮೇಲಿನವರ ಜೊತೆ ಹಂಚಿಕೊಳ್ಳಬೇಕಾ? ಇದನ್ನು ಕೇಳದೆ ಅಡ್ವಾನ್ಸ್ ಕೊಡಬೇಡಿ. ಮೂರು ಮನೆಗೆ ಒಂದೇ ಸಂಪು ಇದ್ದರೆ ಜಗಳ ತಪ್ಪಿದ್ದಲ್ಲ. ಮೋಟಾರ್ ಯಾರ ಮೀಟರಿಗೆ ಸೇರಿದೆ ಅಂತಲೂ ನೋಡಿ. ಇನ್ನೊಂದು ಮಾತು. ಕೆಲವರು ನಲ್ಲಿ ಪೈಪಿಗೇ ಮೋಟಾರ್ ಹಾಕಿ ಎಳೆಯುತ್ತಾರೆ. ಅದು ಕಾನೂನಿಗೆ ವಿರುದ್ಧ. ಬೀದಿಯ ಕೊನೆಯ ಮನೆಯವರಿಗೆ ನೀರೇ ಸಿಗದ ಹಾಗೆ ಆಗುತ್ತದೆ. ಅಂಥ ಮನೆ ಮಾಲೀಕರು ಇದ್ದರೆ ನೀವೇ ಯೋಚನೆ ಮಾಡಿ.

ಹಾಸನದ ಸೊಸೆ
ಅಯ್ಯೋ, ತುಂಗಭದ್ರಾ ಡ್ಯಾಮ್ ಅಷ್ಟು ಹತ್ತಿರ ಇದೆಯಲ್ಲಾ? ಹಾಗಿದ್ದೂ ನೀರಿಗೆ ಇಷ್ಟು ಕಷ್ಟ ಯಾಕೆ?

ನಿವೃತ್ತ ಮೇಷ್ಟ್ರು
ಒಳ್ಳೆಯ ಪ್ರಶ್ನೆ ಕೇಳಿದಿರಿ ಅಮ್ಮ. ಡ್ಯಾಮ್ ಇರುವುದು ಹೊಸಪೇಟೆಯಲ್ಲಿ. ನಮ್ಮ ಊರಿಗೆ ನೀರು ಕಾಲುವೆ ದಾರಿಯಲ್ಲಿ ಬರಬೇಕು. ಮೇಲ್ಮಟ್ಟದ ಕಾಲುವೆ ಒಂದು, ಕೆಳಮಟ್ಟದ ಕಾಲುವೆ ಒಂದು. ಜನ ಎಚ್‌ಎಲ್‌ಸಿ, ಎಲ್‌ಎಲ್‌ಸಿ ಅಂತಾರೆ. ಆ ನೀರನ್ನು ಅಲ್ಲೀಪುರದ ಕೆರೆ, ಮೋಕಾ ಕೆರೆಗಳಲ್ಲಿ ತುಂಬಿಸಿ, ಶುದ್ಧ ಮಾಡಿ ಊರಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಾರೆ. ಆಮೇಲೆ ಕೆರೆಯಲ್ಲಿ ಎಷ್ಟಿದೆಯೋ ಅಷ್ಟೇ. ಡ್ಯಾಮಿಗೆ ಮತ್ತೆ ಒಳಹರಿವು ಬಂದು ಕಾಲುವೆಗೆ ಬಿಡುವ ತನಕ ಅದರಲ್ಲೇ ಊರಿಗೆಲ್ಲಾ ಹಂಚಬೇಕು. ಅದಕ್ಕೇ ಜೂನ್, ಜುಲೈ ಬಂತೆಂದರೆ ಬಳ್ಳಾರಿ ಜನ ಮಲೆನಾಡಿನ ಮಳೆ ಸುದ್ದಿ ಕೇಳುವುದು. ಶಿವಮೊಗ್ಗ ಕಡೆ ಮಳೆ ಆದರೆ ಇಲ್ಲಿ ನಮಗೆ ಸಮಾಧಾನ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಒಟ್ಟು 33 ಗೇಟು. ಅದರಲ್ಲಿ ಒಂದು ಹೋಗಿದ್ದಕ್ಕೆ ನಾಲ್ಕು ಜಿಲ್ಲೆಯ ರೈತರು ನಿದ್ದೆ ಮಾಡಲಿಲ್ಲ. ತುಂಬಿದ ಡ್ಯಾಮ್ ಕಣ್ಣೆದುರೇ ಖಾಲಿಯಾಗುತ್ತಿತ್ತು. ಹರಿಯುವ ನೀರಲ್ಲೇ ಕಬ್ಬಿಣದ ಹಲಗೆ ಇಳಿಸಿ ತಡೆದರು. ಆ ಕೆಲಸಗಾರರ ಧೈರ್ಯಕ್ಕೆ ಕೈ ಮುಗಿಯಬೇಕು. ಆ ವಾರ ಪೇಪರ್ ಬಂದ ಕೂಡಲೇ ಮನೆಯ ಹೆಂಗಸರು ಮೊದಲು ಓದುತ್ತಿದ್ದದ್ದು ಡ್ಯಾಮಿನ ಮಟ್ಟ ಎಷ್ಟು ಅಂತ.

ಮೋಕಾ ರಸ್ತೆ ನಿವಾಸಿ
ನಾನು ಹೊಸ ಬಡಾವಣೆಯಲ್ಲೇ ಇರುವವನು. ಎಲ್ಲರೂ ಸೇರಿ ಹೆದರಿಸಬೇಡಿ. ಇಲ್ಲಿ ಗಾಳಿ ಬರುತ್ತದೆ, ರಸ್ತೆ ಅಗಲ ಇದೆ, ಮಕ್ಕಳು ಸಂಜೆ ಹೊರಗೆ ಆಡಬಹುದು. ಆದರೆ ನಿಜ ಹೇಳಬೇಕು. ನಮ್ಮ ಬೀದಿಗೆ ಇನ್ನೂ ಪಾಲಿಕೆ ಪೈಪು ಬಂದಿಲ್ಲ. ಬೋರ್‌ವೆಲ್ ನೀರು ಉಪ್ಪು. ಕುಕ್ಕರ್ ತಳ ಬೆಳ್ಳಗೆ ಆಗುತ್ತದೆ, ಸೋಪು ನೊರೆ ಬರುವುದಿಲ್ಲ. ಬಟ್ಟೆ, ಪಾತ್ರೆಗೆ ಸರಿ. ಕುಡಿಯೋಕೆ, ಅಡುಗೆಗೆ ಕ್ಯಾನ್ ತರಬೇಕು. ಕಾಯಿನ್ ಹಾಕಿ 20 ಲೀಟರ್ ಹಿಡಿಯುವ ಶುದ್ಧ ನೀರಿನ ಘಟಕ ಹತ್ತಿರದಲ್ಲಿದ್ದರೆ ಬಚಾವ್. ಇಲ್ಲದಿದ್ದರೆ ದಿನಾ ಯಜಮಾನರ ಬೈಕಿನ ಮುಂದೆ ಒಂದು ಕ್ಯಾನ್ ಖಾಯಂ.

ಎಲ್ಲಾ ಹೊಸ ಬಡಾವಣೆಯೂ ಹೀಗೇ ಅಂತ ಅಲ್ಲ. ಪೈಪ್ ಇದೆಯಾ, ಮೀಟರ್ ಹಾಕಿದ್ದಾರಾ, ಹಾಕಿದ ಪೈಪಿನಲ್ಲಿ ನೀರು ಬರುತ್ತಿದೆಯಾ ಅಂತ ಮೂರನ್ನೂ ಬೇರೆ ಬೇರೆಯಾಗಿ ಕೇಳಿ.

ನರ್ಸ್ ಅಕ್ಕ
ಬೋರ್ ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ. ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುಡಿಯುವ ನೀರು, ಅಡುಗೆ ನೀರು ಎರಡೂ ಬೋರ್‌ನದ್ದು ಬೇಡ.

ಸತ್ಯನಾರಾಯಣಪೇಟೆ ಅಮ್ಮ
ನಾನು ಬರೆಯಬೇಕು ಅಂದುಕೊಂಡದ್ದು ಬೇರೆ. ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತಂಗೀ, ನಿನ್ನ ಮಗ ಓಡಾಡುವ ವಯಸ್ಸಿನವನು. ಸಂಪಿನ ಮುಚ್ಚಳ ಹೇಗಿದೆ ನೋಡು. ಎಷ್ಟೋ ಹಳೇ ಮನೆಗಳಲ್ಲಿ ತುಕ್ಕು ಹಿಡಿದ ತಗಡು ಇರುತ್ತದೆ, ಕೀಲು ಕಿತ್ತುಹೋಗಿರುತ್ತದೆ, ಮೇಲೆ ಒಂದು ಕಲ್ಲು ಇಟ್ಟಿರುತ್ತಾರೆ. ನೀರು ಬಂದ ದಿನ ಎಲ್ಲರೂ ಗಡಿಬಿಡಿಯಲ್ಲಿ ಇರುತ್ತೇವೆ. ಪೈಪ್ ಬಿಡು, ಡ್ರಮ್ ತುಂಬು, ಮೋಟಾರ್ ಹಾಕು. ಮುಚ್ಚಳ ತೆರೆದೇ ಇರುತ್ತದೆ. ಮಗು ಹಿಂದೆ ಯಾರೂ ಇರುವುದಿಲ್ಲ. ಅಂಥ ಸುದ್ದಿ ಪೇಪರಿನಲ್ಲಿ ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ದಪ್ಪ ಕಬ್ಬಿಣದ ಮುಚ್ಚಳ, ಬೀಗ, ಬೀಗದ ಕೈ ಮೇಲೆ ಮೊಳೆಗೆ. ಮಾಲೀಕರು ಹಾಕಿಸಿಕೊಡದಿದ್ದರೆ ನಿಮ್ಮ ದುಡ್ಡಲ್ಲೇ ಹಾಕಿಸಿ. ವೆಲ್ಡಿಂಗ್ ಅಂಗಡಿಯವನು ಬೆಳಿಗ್ಗೆ ಅಳತೆ ತಗೊಂಡರೆ ಸಂಜೆಗೆ ಕೂರಿಸುತ್ತಾನೆ. ಮನೆ ಸಾಮಾನು ಇಳಿಸುವುದಕ್ಕಿಂತ ಮುಂಚೆ ಇದು ಆಗಬೇಕು. ಲಾರಿ ಬಂದ ದಿನ ಇನ್ನೂ ಗಡಿಬಿಡಿ.

ಹಾಸನದ ಸೊಸೆ
ಅಕ್ಕಾ, ಓದಿ ಮೈ ಜುಂ ಅಂತು. ನಮ್ಮ ಕಡೆ ತೊಟ್ಟಿ ಮೇಲೆ ಇರುತ್ತದೆ, ನೆಲದೊಳಗೆ ಅಲ್ಲ. ನನಗೆ ಇದು ಹೊಳೆದೇ ಇರಲಿಲ್ಲ. ಈಗಲೇ ಯಜಮಾನರಿಗೆ ಹೇಳುತ್ತೇನೆ.

ನರ್ಸ್ ಅಕ್ಕ
ಮುಚ್ಚಳ ಬಿಗಿ ಇದ್ದರೆ ಇನ್ನೊಂದು ಲಾಭ. ಡೆಂಗಿ ಸೊಳ್ಳೆ ಕೊಳಚೆಯಲ್ಲಿ ಅಲ್ಲ, ನಾವು ಕೂಡಿಟ್ಟ ಒಳ್ಳೇ ನೀರಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆ ಆಗೋಕೆ 7ರಿಂದ 10 ದಿನ ಸಾಕು. ನಮ್ಮಲ್ಲಿ ನೀರು ಕೂಡಿಡದೆ ವಿಧಿಯಿಲ್ಲ, ಆದ್ದರಿಂದ ಡ್ರಮ್, ಕೊಳಗ, ಕೂಲರ್ ತೊಟ್ಟಿ ವಾರಕ್ಕೊಮ್ಮೆ ಖಾಲಿ ಮಾಡಿ. ಸುಮ್ನೆ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಪಕ್ಕದ ಗೋಡೆಗೆ ಅಂಟಿರುತ್ತದೆ, ಬ್ರಷ್ ಹಾಕಿ ತಿಕ್ಕಬೇಕು. ಅದು ಹಗಲು ಕಚ್ಚುವ ಸೊಳ್ಳೆ. ಮಧ್ಯಾಹ್ನ ಮಲಗುವ ಮಗುವಿಗೂ ಸೊಳ್ಳೆ ಪರದೆ ಕಟ್ಟಿ.

ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಅಂದಾಜಿನ ಮೇಲೆ ಮುಷ್ಟಿ ಹಾಕುತ್ತಾರೆ. ಬೇಡ. 1,000 ಲೀಟರಿಗೆ ಸುಮಾರು 2.5 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಒಂದು ಗಂಟೆ ಬಿಡಿ.

ಅತ್ತೆಯವರ ಇನ್ಸುಲಿನ್ ಬಗ್ಗೆ. ಇದನ್ನು ಹಗುರ ಮಾಡಬೇಡಿ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರಿಜ್ಜಿನ ಒಳಗೆ, ಐಸ್ ಕಟ್ಟುವ ಖಾನೆಯಲ್ಲಿ ಅಲ್ಲ. ಈಗ ಬಳಸುತ್ತಿರುವುದು ಹೊರಗಿಟ್ಟರೆ 30 ಡಿಗ್ರಿ ದಾಟಬಾರದು. ಬಳ್ಳಾರಿಯ ಏಪ್ರಿಲ್, ಮೇನಲ್ಲಿ ಹೊರಗೆ 40 ದಾಟುತ್ತದೆ, ಮನೆಯೊಳಗೂ 30ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕರೆಂಟು ಹೋದರೆ? ಒಂದು ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ಬಾಟಲಿ, ಮೇಲೆ ಒದ್ದೆ ಬಟ್ಟೆ. ಸಾಗಿಸುವಾಗ ಲಾರಿಗೆ ಹಾಕಬೇಡಿ, ನಿಮ್ಮ ಕೈಚೀಲದಲ್ಲೇ ತನ್ನಿ. ಐಸ್ ಪ್ಯಾಕ್ ಇಟ್ಟರೆ ನಡುವೆ ಬಟ್ಟೆ ಸುತ್ತಿ, ಹೆಪ್ಪುಗಟ್ಟಿದರೆ ಆ ಔಷಧ ಕೆಲಸಕ್ಕೆ ಬರುವುದಿಲ್ಲ.

ಕಾಯಂ ಡಾಕ್ಟರ್ ಒಬ್ಬರನ್ನು ಮನೆ ಹತ್ತಿರವೇ ಹಿಡಿದುಕೊಳ್ಳಿ, ಬಂದ ವಾರವೇ ಅತ್ತೆಯವರ ಹಳೇ ಚೀಟಿ ತೋರಿಸಿ. ರಾತ್ರಿ ತುರ್ತು ಅಂದರೆ 108ಕ್ಕೆ ಫೋನ್ ಮಾಡಿ. ವಿಮ್ಸ್ (ಈಗ ಬಿಎಂಸಿಆರ್‌ಸಿ ಅಂತ ಹೆಸರು ಬದಲಾಗಿದೆ) ದೊಡ್ಡ ಸರ್ಕಾರಿ ಆಸ್ಪತ್ರೆ, ಹಗಲೂ ರಾತ್ರಿ ತೆರೆದಿರುತ್ತದೆ, ಸುತ್ತಲಿನ ಜಿಲ್ಲೆಯವರೂ ಅಲ್ಲಿಗೇ ಬರುವುದು.

ಆಟೋ ಅಣ್ಣ
ಮೇಡಂ, ಶಾಲೆ ವಿಷಯ ನಾನು ಹೇಳುತ್ತೇನೆ. ಮಕ್ಕಳ ಆಟೋ ಓಡಿಸುವವನು ನಾನು. ಒಳ್ಳೇ ಶಾಲೆ, ಕೆಟ್ಟ ಶಾಲೆ ಅದು ನಿಮಗೆ ಬಿಟ್ಟದ್ದು. ಆದರೆ ರೈಲ್ವೆ ಲೈನ್ ಊರನ್ನು ಎರಡು ಭಾಗ ಮಾಡಿದೆ. ಮನೆ ಒಂದು ಕಡೆ, ಶಾಲೆ ಇನ್ನೊಂದು ಕಡೆ ಬೇಡ. ದೊಡ್ಡ ಮಳೆ ಬಂದರೆ ದುರ್ಗಮ್ಮ ಗುಡಿ ಹತ್ತಿರದ ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುತ್ತದೆ. ಸುಧಾ ಕ್ರಾಸ್ ಕಡೆ ಹೋದರೆ ಗೇಟು ಬೀಳುತ್ತದೆ. ಬೆಳಿಗ್ಗೆ ಎಂಟೂವರೆಗೆ ಗೂಡ್ಸ್ ಗಾಡಿ ಬಂತು ಅಂದರೆ ಮಕ್ಕಳು ಆಟೋದಲ್ಲೇ ಬೆವರಿ ಹೋಗುತ್ತಾರೆ. ಪಾಪ, ಒಂದನೇ ಕ್ಲಾಸಿನ ಮಕ್ಕಳು ಅಳುತ್ತವೆ.

ಪಾರ್ವತಿನಗರ, ಗಾಂಧಿನಗರ ಎರಡೂ ಒಂದೇ ಕಡೆ. ಸಾಹೇಬರು ಆಫೀಸಿಗೆ ಮಾತ್ರ ಅಂಡರ್‌ಪಾಸ್ ದಾಟಬೇಕು. ದೊಡ್ಡವರು ಹೇಗೋ ಹೋಗುತ್ತಾರೆ. ಮಗುವಿನ ಶಾಲೆ ಈ ಕಡೆಯೇ ನೋಡಿ. ಸಿಡಿಬಂಡಿ ಜಾತ್ರೆ ದಿನ ದುರ್ಗಮ್ಮ ಗುಡಿ ಸುತ್ತ ಗಾಡಿ ಬಿಡುವುದಿಲ್ಲ, ಆ ದಿನ ನಡೆದುಕೊಂಡೇ ಹೋಗಿ. ನೋಡಬೇಕಾದ ಜಾತ್ರೆ ಅದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ.

ಕೌಲ್ ಬಜಾರ್ ಹುಡುಗ
ಎಲ್ಲರೂ ಗಾಂಧಿನಗರ, ಪಾರ್ವತಿನಗರ ಅಂತೀರಿ. ಕೌಲ್ ಬಜಾರ್ ಯಾಕೆ ಬೇಡ? ಇಲ್ಲಿ ಬಾಡಿಗೆ ಕಡಿಮೆ, ಅಂಗಡಿ ಎಲ್ಲಾ ಕಾಲಳತೆಯಲ್ಲಿ. ರಾತ್ರಿ ಹತ್ತಕ್ಕೂ ಜನ ಇರುತ್ತಾರೆ. ಒಂದೇ ಗಲ್ಲಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತೀರಿ, ಮಕ್ಕಳು ಆರು ತಿಂಗಳಲ್ಲಿ ಮೂರನ್ನೂ ಕಲಿಯುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೂ ಜೀನ್ಸ್ ಕೆಲಸದವರು. ಬಳ್ಳಾರಿ ಜೀನ್ಸ್ ಎಲ್ಲೆಲ್ಲೋ ಹೋಗುತ್ತದೆ. ಮಕ್ಕಳ ಪ್ಯಾಂಟು ಬೇಕಾದರೆ ಶೋರೂಮಿಗೆ ಹೋಗಬೇಡಿ. ಹೊಲಿಯುವ ಕಡೆಯೇ ಕೇಳಿ. ನಾಲ್ಕು ವರ್ಷದ ಹುಡುಗನಿಗೆ ಮಂಡಿ ಹತ್ತಿರ ಒಳಗಿನಿಂದ ಇನ್ನೊಂದು ಪದರ ಹಾಕಿ ಹೊಲಿದುಕೊಡುತ್ತಾರೆ. ವರ್ಷ ಹರಿಯುವುದಿಲ್ಲ.

ಗಾಂಧಿನಗರ ಅಕ್ಕ
ತಮ್ಮಾ, ನೀನು ಹೇಳಿದ್ದು ಸರಿ, ನನ್ನ ತವರು ಮನೆ ಆ ಕಡೆಯೇ. ಆದರೆ ಮಂಡಿ ನೋವಿನ ಅತ್ತೆ ಇದ್ದಾರೆ, ಅಷ್ಟು ಗಾಡಿ ಓಡಾಡುವ ರಸ್ತೆಯಲ್ಲಿ ಅವರು ಹೊರಗೆ ಕಾಲಿಡುವುದೇ ಕಷ್ಟ. ಅದಕ್ಕೆ ಹೇಳಿದ್ದು. ಬರೀ ಗಂಡ ಹೆಂಡತಿ ಆಗಿದ್ದರೆ ನಾನೂ ಕೌಲ್ ಬಜಾರ್ ಅನ್ನುತ್ತಿದ್ದೆ.

ಮತ್ತೆ ತಂಗೀ, ನಮ್ಮ ಏರಿಯಾದ ಆ ಎರಡನೇ ಮಹಡಿ ಬೇಡ. ನಮ್ಮ ಏರಿಯಾ ಅಂತ ನಾನು ಹೊಗಳುವುದಿಲ್ಲ. ಮೆಟ್ಟಿಲು ಒಂದು ಕಡೆ ಇರಲಿ, ಮೇಲೆ ಬರೀ ಛಾವಣಿ ಇದ್ದರೆ ಹಗಲೆಲ್ಲಾ ಕಾದ ಕಾಂಕ್ರೀಟು ರಾತ್ರಿ ಹನ್ನೆರಡಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಕೆಳಗೆ ಬರುವುದು. ಮಾಲೀಕರು ಛಾವಣಿಗೆ ಬಿಳಿ ಬಣ್ಣ ಬಳಿಸಿದ್ದರೆ ಎಷ್ಟೋ ಪರವಾಗಿಲ್ಲ. ಹಳೇ ಮನೆ ಅಂತ ಪಾರ್ವತಿನಗರದ್ದನ್ನು ತಳ್ಳಿಹಾಕಬೇಡ. ಹಳೇ ಮನೆಗಳ ಗೋಡೆ ದಪ್ಪ, ಮೇಲೊಂದು ಮನೆ ಇದ್ದರೆ ಕೆಳಗೆ ತಂಪು.

ಸಿರುಗುಪ್ಪ ರಸ್ತೆ
ಕೂಲರ್ ತಗೊಳ್ಳುವುದಾದರೆ ಮಾರ್ಚ್ ಒಳಗೇ ತಗೊಳ್ಳಬೇಕಿತ್ತು, ಮೇನಲ್ಲಿ ರೇಟು ಏರಿರುತ್ತದೆ. ಈ ವರ್ಷ ಅರ್ಧ ಬೇಸಿಗೆ ಕಳೆದ ಮೇಲೆ ಬರುತ್ತೀರಿ. ಹೊಸದು ಬೇಡ, ಬಿಟ್ಟು ಹೋಗುವವರ ಹತ್ತಿರ ಹಳೇದು ಸಿಗುತ್ತದೆ. ಕೂಲರ್‌ಗೂ ನೀರು ಬೇಕು ಅನ್ನುವುದು ಮರೆಯಬೇಡಿ. ದೊಡ್ಡ ತೊಟ್ಟಿಯ ಕೂಲರ್ ಒಂದು ರಾತ್ರಿಗೆ ತೊಟ್ಟಿ ಖಾಲಿ ಮಾಡುತ್ತದೆ, ಅದನ್ನೂ ಸಂಪಿನ ಲೆಕ್ಕಕ್ಕೆ ಸೇರಿಸಿ. ಇಲ್ಲಿ ಒಣ ಬಿಸಿಲು, ಮಂಗಳೂರಿನ ಹಾಗೆ ಬೆವರುವ ಸೆಖೆ ಅಲ್ಲ, ಅದಕ್ಕೇ ಕೂಲರ್ ಕೆಲಸ ಮಾಡುತ್ತದೆ. ಕಿಟಕಿ ಒಂದು ತೆರೆದಿರಬೇಕು. ಮುಚ್ಚಿಟ್ಟರೆ ರೂಮೆಲ್ಲಾ ಜಿಗುಟು ಜಿಗುಟು.

ಹಗಲು 11ರಿಂದ 4ರವರೆಗೆ ಹೊರಗಿನ ಕೆಲಸ ಇಟ್ಟುಕೊಳ್ಳಬೇಡಿ. ಇಲ್ಲಿಯವರು ಯಾರೂ ಇಟ್ಟುಕೊಳ್ಳುವುದಿಲ್ಲ.

ಹಾಸನದ ಸೊಸೆ
ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದೀರಿ ಎಲ್ಲರೂ. ಇನ್ನೊಂದು. ನಮ್ಮದು ಮುದ್ದೆ, ಅನ್ನದ ಮನೆ. ಡಾಕ್ಟರು ಅತ್ತೆಗೆ ಅನ್ನ ಕಡಿಮೆ ಮಾಡಿ ಅಂದಿದ್ದಾರೆ. ಜೋಳದ ರೊಟ್ಟಿ ಬಡಿಯೋಕೆ ನನಗೆ ಬರುವುದಿಲ್ಲ. ಒಮ್ಮೆ ಮಾಡಿದರೆ ಅಂಚೆಲ್ಲಾ ಬಿರುಕು. ಕೊಂಡು ತರೋಕೆ ಒಳ್ಳೇದು ಎಲ್ಲಿ ಸಿಗುತ್ತದೆ? ರಾಗಿ ಸಿಗುತ್ತದಾ?

ರೊಟ್ಟಿ ಮನೆ ಅಕ್ಕ
ಬಿರುಕು ಬಿಟ್ಟದ್ದು ನಿಮ್ಮ ಕೈ ತಪ್ಪಲ್ಲ ಮೇಡಂ, ಹಿಟ್ಟಿನ ತಪ್ಪು. ಪ್ಯಾಕೆಟ್ ಹಿಟ್ಟು ತಂದಿರಬೇಕು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಗೋಧಿಯ ಹಾಗೆ ಅದು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಬಿಳಿ ಜೋಳ ತಂದು, ಹಸನು ಮಾಡಿ, ಗಿರಣಿಯಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿಸಿ. ವಾರಕ್ಕಾಗುವಷ್ಟು ಸಾಕು. ಮಾಲ್ದಂಡಿ ಜೋಳ ಕೇಳಿ, ರೊಟ್ಟಿ ಮೆತ್ತಗೆ ಬರುತ್ತದೆ. ಹಿಂಗಾರಿನ ಹೊಸ ಜೋಳ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುತ್ತದೆ.

ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಹಾಕಿ. ಬಿಸಿ ನೀರಲ್ಲ, ಕುದಿಯುವ ನೀರು. ಮೊದಲು ಚಮಚದಲ್ಲಿ ಕಲಸಿ, ಕೈಗೆ ತಡೆಯುವಷ್ಟಾದ ಮೇಲೆ ಅಂಗೈಯ ಬುಡದಿಂದ ಚೆನ್ನಾಗಿ ನಾದಿ. ಒಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟು ತಗೊಂಡು ಮತ್ತೆ ನಾದಿ, ಆಮೇಲೆ ಬಡಿಯಿರಿ. ತವಾಕ್ಕೆ ಹಾಕಿದ ಕೂಡಲೇ ಮೇಲಿನ ಒಣಹಿಟ್ಟು ಹೋಗುವ ಹಾಗೆ ಒದ್ದೆ ಬಟ್ಟೆಯಿಂದ ಒರೆಸಿ. ನೀರು ಆರುವುದರೊಳಗೆ ತಿರುಗಿಸಿ. ತಡ ಮಾಡಿದರೆ ಬಿರುಕು. ಬೇಗ ತಿರುಗಿಸಿದರೆ ಹರಿಯುತ್ತದೆ. ಕೈಗೆ ತಾನೇ ಗೊತ್ತಾಗುತ್ತದೆ.

ಕಲಿಯುವ ತನಕ ಕೊಂಡುಕೊಳ್ಳಿ. ಪ್ರತಿ ಏರಿಯಾದಲ್ಲೂ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ. ಬೋರ್ಡ್ ಇರುವುದಿಲ್ಲ. ಗಿರಣಿಯವನನ್ನು ಕೇಳಿ, ಯಾರು ದಿನಾ ಜಾಸ್ತಿ ಜೋಳ ಬೀಸಿಸುತ್ತಾರೆ ಅಂತ ಅವನಿಗೆ ಗೊತ್ತಿರುತ್ತದೆ. ಬಿಸಿ ರೊಟ್ಟಿ ಬೇಕಾದರೆ ಬೆಳಿಗ್ಗೆಯೇ ಹೇಳಿಡಬೇಕು. ಖಡಕ್ ರೊಟ್ಟಿ ತಂದಿಟ್ಟರೆ ತಿಂಗಳಾದರೂ ಕೆಡುವುದಿಲ್ಲ, ಗಾಳಿ ಆಡಬಾರದು ಅಷ್ಟೇ. ಅತ್ತೆಯವರಿಗೆ ಹಲ್ಲಿನ ತೊಂದರೆ ಇದ್ದರೆ ಖಡಕ್ ಬೇಡ, ಇಲ್ಲಾ ಬೇಳೆ ಸಾರಿನಲ್ಲಿ ನೆನೆಸಿ ಕೊಡಿ. ಜೊತೆಗೆ ಗುರೆಳ್ಳು ಪುಡಿ, ಶೇಂಗಾ ಚಟ್ನಿಪುಡಿ, ಪುಂಡಿಪಲ್ಯ, ಅಂದರೆ ಗೋಂಗುರ ಸೊಪ್ಪಿನ ಪಲ್ಯ. ಹುಳಿ ಇಷ್ಟ ಇದ್ದರೆ ಪುಂಡಿಪಲ್ಯ ಬಿಡುವುದೇ ಇಲ್ಲ.

ರಾಗಿ ಸಿಗುತ್ತದೆ, ನಿಮ್ಮ ಕಡೆಯಷ್ಟು ಅಂಗಡಿ ಅಂಗಡಿಯಲ್ಲಿ ಇರುವುದಿಲ್ಲ. ಮೊದಲ ಎರಡು ತಿಂಗಳಿಗೆ ಊರಿಂದಲೇ ತನ್ನಿ.

ಸಿರುಗುಪ್ಪ ರಸ್ತೆ
ಅಕ್ಕಿ ಮಾತ್ರ ಊರಿಂದ ತರಬೇಡಿ. ಸಿರುಗುಪ್ಪ ಭತ್ತದ ನಾಡು. ಸೋನಾ ಮಸೂರಿ ಹಳೇ ಅಕ್ಕಿ ಕೇಳಿ, ಹೊಸದು ಅಂಟುತ್ತದೆ. ಇಲ್ಲಿ ಎಷ್ಟೋ ಮನೆಯವರು ವರ್ಷದ ಅಕ್ಕಿ ಒಂದೇ ಸಲ ತಂದು ಇಡುತ್ತಾರೆ.

ಕೌಲ್ ಬಜಾರ್ ಹುಡುಗ
ತಿಂಡಿ ಯಾರೂ ಹೇಳಲೇ ಇಲ್ಲ! ಬೆಳಿಗ್ಗೆ ಮಂಡಾಳು (ನಿಮ್ಮ ಕಡೆಯ ಮಂಡಕ್ಕಿ, ಪುರಿ) ಒಗ್ಗರಣೆ, ಮಿರ್ಚಿ ಬಜ್ಜಿ. ತೆಲುಗು ಮನೆಯವರು ಉಗ್ಗಾಣಿ ಅನ್ನುತ್ತಾರೆ. ನೆನೆಸಿ ಹಿಂಡಿದ ಮಂಡಾಳು, ಮೇಲೆ ಪುಟಾಣಿ ಪುಡಿ, ಹಸಿ ಉಳ್ಳಾಗಡ್ಡಿ, ಲಿಂಬೆ. ಯಾವ ಹೋಟೆಲ್ ಅಂತ ಕೇಳಬೇಡಿ. ಎಣ್ಣೆ ಬಾಂಡ್ಲಿ ಮುಂದೆ ಜನ ನಿಂತಿರುವ ತಳ್ಳುಗಾಡಿ ನೋಡಿ, ಅಲ್ಲೇ ತಿನ್ನಿ. ಬಿಸಿ ಮಿರ್ಚಿ ಎಣ್ಣೆಯಿಂದ ತೆಗೆದು ನೇರ ತಟ್ಟೆಗೆ ಬರಬೇಕು. ಮಕ್ಕಳಿಗೆ ಖಾರ ಇಲ್ಲದ್ದು ಬೇಕು ಅಂದರೆ ಬದನೆಕಾಯಿ ಬಜ್ಜಿ ಕೇಳಿ.

ಇತಿಹಾಸ ಪ್ರೇಮಿ
ಮಕ್ಕಳನ್ನು ಭಾನುವಾರ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಮುಂದೆ ಕೇಳೇ ಕೇಳುತ್ತೀರಿ, ಈಗಲೇ ಹೇಳುತ್ತೇನೆ. ಕೋಟೆ ಗುಡ್ಡ. ಊರಿನ ನಡುವೆಯೇ ಇದೆ, ಮೇಲೆ ಹನುಮಪ್ಪ ನಾಯಕ ಕಟ್ಟಿಸಿದ ಕೋಟೆ, ಕೆಳಗೆ ಹೈದರಾಲಿ ಕಾಲದ್ದು. ಬೆಳಿಗ್ಗೆ ಬಿಸಿಲೇರುವ ಮುಂಚೆ ಹತ್ತಿ ಇಳಿಯಬೇಕು. ಮೇಲಿಂದ ಮಗಳಿಗೆ ಅವಳ ಶಾಲೆ ತೋರಿಸಿ.

ಆದರೆ ನನ್ನ ಮೆಚ್ಚಿನದು ಸಂಗನಕಲ್ಲು, ಕಪ್ಪಗಲ್ಲು ಗುಡ್ಡ. ಊರಿಗೆ ಅಂಟಿಕೊಂಡ ಹಾಗೇ ಇದೆ. ಸಾವಿರಾರು ವರ್ಷದ ಹಿಂದೆ ಹೊಸ ಶಿಲಾಯುಗದ ಜನ ಅಲ್ಲಿ ಇದ್ದರು. ಕಲ್ಲಿನ ಕೊಡಲಿ ಮಾಡುತ್ತಿದ್ದರು, ಬಂಡೆ ಮೇಲೆ ಎತ್ತು ಕೆತ್ತಿದ್ದಾರೆ. ಕೆಲವು ಬಂಡೆ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಬಡಿಯಬೇಡಿ ಅಂತ ಮಕ್ಕಳಿಗೆ ಹೇಳಿ. ಸುತ್ತ ಕ್ವಾರಿ ನಡೆದು ಆ ಗುಡ್ಡಕ್ಕೆ ಆಗಿರುವ ಹಾನಿ ನೋಡಿದರೆ ಸಂಕಟ ಆಗುತ್ತದೆ. ಅಲ್ಲಿ ಸಿಕ್ಕ ವಸ್ತುಗಳನ್ನು ಊರಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಬಿಸಿಲಲ್ಲಿ ಗುಡ್ಡ ಹತ್ತಲಾಗದ ಅತ್ತೆಯವರಿಗೆ ಆ ಮ್ಯೂಸಿಯಂ ಸರಿ.

ಮೃಗಾಲಯ ಈಗ ಊರಲ್ಲಿ ಇಲ್ಲ, ಪ್ರಾಣಿಗಳನ್ನು ಕಮಲಾಪುರದ ದೊಡ್ಡ ಮೃಗಾಲಯಕ್ಕೆ ಸಾಗಿಸಿದ್ದಾರೆ. ಹಂಪಿಗೆ ಹೋದ ದಿನ ಅದನ್ನೂ ನೋಡಿ. ಸಂಡೂರು ಮಳೆಗಾಲ ಮುಗಿದ ಮೇಲೆ. ಆಗ ಆ ಬೆಟ್ಟಗಳ ಹಸಿರು ನೋಡಿದರೆ ನಿಮಗೆ ನಿಮ್ಮ ಸಕಲೇಶಪುರ ನೆನಪಾಗುತ್ತದೆ.

ಹಾಸನದ ಸೊಸೆ
ಪಾರ್ವತಿನಗರದ ಮನೆಗೆ ಯಜಮಾನರು ಇವತ್ತು ಹೋಗಿದ್ದರು. ಸಂಪು 7 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಆಳ. ಆದರೆ ಮೇಲಿನ ಮನೆಯವರಿಗೂ ಅದೇ ಸಂಪು. ಮೇಲೆ ಇಬ್ಬರೇ ಇದ್ದಾರಂತೆ. ಮುಚ್ಚಳ ತಗಡು. ಪಕ್ಕದ ಮನೆ ಅಜ್ಜಿ ನೀರು ರಾತ್ರಿ ಹೊತ್ತು ಬರುತ್ತದೆ ಅಂದರಂತೆ. ಏನು ಮಾಡಲಿ?

ಸಿವಿಲ್ ಕೆಲಸದವ
ಸುಮಾರು 5,900 ಲೀಟರ್. ಏಳು ಜನಕ್ಕೆ ಆರು ದಿನ, ಹಿಡಿತದಲ್ಲಿ ಬಳಸಿದರೆ ಎಂಟು. ಮಾಲೀಕರ ಹತ್ತಿರ ಎರಡು ಕೇಳಿ. ಮುಚ್ಚಳ ಬದಲಾಗಬೇಕು, ಮಹಡಿ ಮೇಲೆ ನಿಮಗೇ ಬೇರೆ 1,000 ಲೀಟರಿನ ಟ್ಯಾಂಕ್ ಬೇಕು. ಎರಡನ್ನೂ ಕರಾರಿನಲ್ಲಿ ಬರೆಸಿ. ಬಾಯಿಮಾತು ಬೇಡ. ಒಪ್ಪಿದರೆ ಅದೇ ಮನೆ ತಗೊಳ್ಳಿ, ಒಪ್ಪದಿದ್ದರೆ ಇನ್ನೆರಡು ಮನೆ ನೋಡಿ, ಆ ಏರಿಯಾದಲ್ಲಿ ಸಿಗುತ್ತವೆ.

ಸತ್ಯನಾರಾಯಣಪೇಟೆ ಅಮ್ಮ
ಮೇಲಿನ ಮನೆಯವರ ಹತ್ತಿರ ಮೊದಲ ದಿನವೇ ಮಾತಾಡು ತಂಗೀ. ನೀರು ಬಂದ ರಾತ್ರಿ ಯಾರು ಎದ್ದಿರಬೇಕು ಅಂತ ಸರದಿ ಮಾಡಿಕೊಳ್ಳಿ. ಇಬ್ಬರೇ ಇದ್ದರೆ ಅವರಿಗೂ ಒಬ್ಬರು ಜೊತೆಗೆ ಸಿಕ್ಕ ಹಾಗಾಗುತ್ತದೆ.

ಪಾರ್ವತಿನಗರ ನಿವಾಸಿ
ಕರೆಂಟು ಜೆಸ್ಕಾಂ ಕೆಳಗೆ ಬರುತ್ತದೆ, ದೂರಿಗೆ 1912. ಗೃಹಜ್ಯೋತಿ ಹಾಸನದ ಮನೆಯ ಆರ್‌ಆರ್ ನಂಬರಿಗೆ ಜೋಡಣೆ ಆಗಿದ್ದರೆ ಅದನ್ನು ಸೇವಾ ಸಿಂಧುವಿನಲ್ಲಿ ಮೊದಲು ಡಿ-ಲಿಂಕ್ ಮಾಡಿಸಿ, ಆಮೇಲೆ ಇಲ್ಲಿಯ ನಂಬರಿಗೆ ಅರ್ಜಿ ಹಾಕಿ. ಕರೆಂಟು ಕಂಪನಿ ಅಲ್ಲಿ ಸೆಸ್ಕ್, ಇಲ್ಲಿ ಜೆಸ್ಕಾಂ, ಆದರೂ ಅರ್ಜಿ ಒಂದೇ ಕಡೆ. ಬಾಡಿಗೆ ಕರಾರಿನ ಕಾಪಿ, ಆಧಾರ್ ಇಟ್ಟುಕೊಳ್ಳಿ. ಗ್ಯಾಸ್ ಸಿಲಿಂಡರ್ ಅಲ್ಲಿಯೇ ಒಪ್ಪಿಸಿ ವರ್ಗಾವಣೆ ಚೀಟಿ ತನ್ನಿ. ಮಗಳ ಟಿಸಿ, ಆಧಾರ್, ಜನನ ಪ್ರಮಾಣಪತ್ರ ಒಂದೇ ಫೈಲಿನಲ್ಲಿ, ಆ ಫೈಲ್ ಲಾರಿಗೆ ಹೋಗಬಾರದು.

ನಾನು ಆ ಮನೆಯಿಂದ ಎರಡು ಬೀದಿ ಆಚೆ ಇದ್ದೇನೆ. ನಮ್ಮ ಬೀದಿಯಲ್ಲಿ ಹಾಲು ಬೆಳಿಗ್ಗೆ ಆರಕ್ಕೆ ಬರುತ್ತದೆ, ತರಕಾರಿ ಗಾಡಿ ಎಂಟಕ್ಕೆ. ಲಾರಿ ರಾತ್ರಿ ಹೊರಡಿಸಿ, ಬೆಳಿಗ್ಗೆ ಒಂಬತ್ತರೊಳಗೆ ಸಾಮಾನು ಇಳಿಸಿ ಮುಗಿಸಿ. ಬರುವ ಹಿಂದಿನ ದಿನ ಇಲ್ಲೇ ಒಂದು ಮಾತು ಬರೆಯಿರಿ. ಸಂಪು ತೊಳೆಸಿ ಒಂದು ಟ್ಯಾಂಕರ್ ಹಾಕಿಸಿ ಇಡುತ್ತೇವೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಅತ್ತೆಯವರು ಊಟಕ್ಕೆ ಮುಂಚೆ ಎಷ್ಟು ಹೊತ್ತಿಗೆ ಇನ್ಸುಲಿನ್ ತಗೊಳ್ಳುತ್ತಾರೆ ಅಂತ ಮಾತ್ರ ಹೇಳಿ, ಅದಕ್ಕೆ ಸರಿಯಾಗಿ ಅಡುಗೆ ಮಾಡಿಸುತ್ತೇನೆ.